ಎರಡೂವರೆ ಕಿಲೋ ಎಂಬ ಗೆರೆ

ಪುಣೆಯಲ್ಲಿರುವ ಕನ್ನಡದ ಮನೆಯೊಂದರಲ್ಲಿ ಮಗು ಹುಟ್ಟಿತು ಅಂದರೆ ಊರಿಗೆ ಹೋಗುವ ಫೋನಿನಲ್ಲಿ ಮೂರು ಸುದ್ದಿ ಇದ್ದೇ ಇರುತ್ತವೆ. ಗಂಡೋ ಹೆಣ್ಣೋ, ನಾರ್ಮಲ್ಲೋ ಸಿಸೇರಿಯನ್ನೋ, ತೂಕ ಎಷ್ಟು. ಈ ಮೂರನೆಯದು ಹೊಸದು. ನಮ್ಮಜ್ಜಿ ಹೆತ್ತ ಮಕ್ಕಳಲ್ಲಿ ಒಂದನ್ನೂ ಯಾರೂ ತೂಗಲಿಲ್ಲ. ತೂಗಲು ಹೋಗಿದ್ದರೆ ದೃಷ್ಟಿಯಾಗುತ್ತದೆ ಅಂತ ಜಗಳವೇ ಆಗುತ್ತಿತ್ತೇನೋ. ಮಗು ಅತ್ತಿತಾ, ಮೊಲೆ ಹಿಡಿಯಿತಾ, ಮೈ ಬೆಚ್ಚಗಿದೆಯಾ, ಅಷ್ಟು ನೋಡುತ್ತಿದ್ದರು. ಈಗ ಹಾಗಲ್ಲ. ಮೂರು ಕಿಲೋ ದಾಟಿದ್ದರೆ ಊರಿನವರು "ಚೆನ್ನಾಗಿದೆ ಬಿಡು" ಅನ್ನುತ್ತಾರೆ. ಎರಡೂ ಮುಕ್ಕಾಲು ಅಂದರೆ "ಪರವಾಗಿಲ್ಲ". ಎರಡು ಕಿಲೋ ನಾನೂರು ಅಂದರೆ ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ "ಅಲ್ಲಿ ಅವಳಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕೋರು ಯಾರಿದ್ದಾರೆ, ಪಾಪ". ಪರಊರಿನ ಅಡಿಗೆಮನೆ, ಸೊಸೆಯ ನೌಕರಿ, ಬೀಗರ ಮನೆಯ ಸಂಸ್ಕಾರ, ಎಲ್ಲದರ ಮೇಲೂ ಆ ನೂರು ಗ್ರಾಂ ತೀರ್ಪು ಕೊಟ್ಟುಬಿಡುತ್ತದೆ.

ತೀರ್ಪು ಕೊಡುವ ಈ ಅಧಿಕಾರ ಆ ಸಂಖ್ಯೆಗೆ ಎಲ್ಲಿಂದ ಬಂತು? ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಫಿನ್ಲೆಂಡಿನ ಮಕ್ಕಳ ವೈದ್ಯ ಅರ್ವೋ ಇಲ್ಪೊ, ಅವಧಿಗೆ ಮೊದಲೇ ಹುಟ್ಟಿದ ಮಕ್ಕಳನ್ನು ಗುರುತಿಸಲು 2500 ಗ್ರಾಂ ಎಂಬ ಗೆರೆ ಎಳೆದರು. (ಆ ಮನುಷ್ಯ ತಾನು ಮಾತ್ರ ನೂರು ದಾಟಿ, 1992ರವರೆಗೆ ಬದುಕಿದರು.) ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲಿ ಅದನ್ನೇ ಒಪ್ಪಿಕೊಂಡಿತು. ಆದರೆ ತೂಕ ಕಡಿಮೆ ಇರುವ ಮಕ್ಕಳೆಲ್ಲ ದಿನ ತುಂಬದವರಲ್ಲ ಅಂತ ಗೊತ್ತಾಗಿ, 1961ರಲ್ಲಿ ಹೆಸರನ್ನು 'ಕಡಿಮೆ ಜನನ ತೂಕ' ಅಂತ ಬದಲಾಯಿಸಿದರು. ಹೆಸರು ಬದಲಾಯಿತು, ಗೆರೆ ಅಲ್ಲೇ ಉಳಿಯಿತು. ನಮ್ಮ ದೇಶದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ತೂಗಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 18 ಮಂದಿ ಈ ಗೆರೆಯ ಕೆಳಗಿದ್ದರು. ಇನ್ನೊಂದು ವಿಚಿತ್ರ ನೋಡಿ: ನಮ್ಮ ಆಸ್ಪತ್ರೆಗಳ ದಾಖಲೆಯಲ್ಲಿ ಸರಿಯಾಗಿ 2500 ಗ್ರಾಂ ತೂಗಿದ ಮಕ್ಕಳು ಲೆಕ್ಕಕ್ಕೆ ಮೀರಿ ಇರುತ್ತಾರೆ. ತಕ್ಕಡಿಯ ಮುಳ್ಳು ಅಲ್ಲಾಡುವಾಗ ಬರೆಯುವ ಕೈ ಗುಂಡಗಿನ ಸಂಖ್ಯೆಯ ಕಡೆ ಜಾರುತ್ತದೆ. ಗೆರೆಯ ಮೇಲೆ ನಿಂತ ಮಗುವನ್ನು ಕೆಳಗೆ ತಳ್ಳಲು ನರ್ಸಮ್ಮನಿಗೂ ಮನಸ್ಸು ಬರುವುದಿಲ್ಲವೋ ಏನೋ.

ನಮ್ಮ ಹಿಂದಿನವರಿಗೆ ಊರಿಗೊಂದು ಸೇರು ಇತ್ತು. ಒಂದು ಪೇಟೆಯ ಸೇರು ಇನ್ನೊಂದು ಪೇಟೆಯಲ್ಲಿ ನಡೆಯುತ್ತಿರಲಿಲ್ಲ. ಊರು ಬಿಟ್ಟು ಹೋದವನೇ ಮೋಸ ಹೋಗುತ್ತಿದ್ದದ್ದು. 1956ರ ಕಾನೂನು ಬಂದು ದೇಶಕ್ಕೆಲ್ಲ ಕಿಲೋ ಒಂದೇ ಆದಾಗ ಹೊರಗಿನಿಂದ ಬಂದವನಿಗೇ ಹೆಚ್ಚು ಅನುಕೂಲವಾಯಿತು ಅಂತ ನಾನು ನಂಬಿದ್ದೇನೆ. ಆದರೆ ಅಕ್ಕಿಗೆ ಒಂದೇ ಅಳತೆ ಇರುವುದು ಬೇರೆ, ಹಸುಗೂಸಿಗೆ ಇರುವುದು ಬೇರೆ. ಅಕ್ಕಿ ಇಷ್ಟೇ ತೂಗಬೇಕು ಅಂತ ಕಿಲೋ ಹೇಳುವುದಿಲ್ಲ. ಮಗುವಿನ ಚಾರ್ಟು ಹೇಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಮಕ್ಕಳನ್ನು ಅಳೆಯಿತು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ, ನಮ್ಮಲ್ಲಿ ದಕ್ಷಿಣ ದೆಹಲಿ. ಸಿಕ್ಕಸಿಕ್ಕ ಮಕ್ಕಳನ್ನಲ್ಲ, ತಾಯಿ ಬೀಡಿ ಸಿಗರೇಟು ಸೇದದ, ಮೊಲೆಹಾಲು ಕುಡಿಯುವ, ಉಣ್ಣಲು ಕೊರತೆಯಿಲ್ಲದ ಮನೆಯ ಮಕ್ಕಳನ್ನು ಮಾತ್ರ. 2006ರಲ್ಲಿ ಬಂದ ಆ ಮಾನದಂಡ, ಮಕ್ಕಳು ಹೇಗೆ ಬೆಳೆಯುತ್ತಿದ್ದಾರೆ ಅನ್ನುವುದನ್ನಲ್ಲ, ಹೇಗೆ ಬೆಳೆಯಬೇಕು ಅನ್ನುವುದನ್ನು ಹೇಳುತ್ತದೆ. ಅದರಲ್ಲಿ ಗಂಡುಮಗುವಿನ ನಡುಮಟ್ಟದ ಜನನ ತೂಕ 3.3 ಕೆ.ಜಿ., ಹೆಣ್ಣಿನದು 3.2. ಇದರ ಹಿಂದಿರುವ ಮಾತು ದೊಡ್ಡದು: ಅನುಕೂಲ ಸಮಾನವಾಗಿ ಸಿಕ್ಕರೆ ಮನುಷ್ಯನ ಮಕ್ಕಳೆಲ್ಲ ಒಂದೇ ರೀತಿ ಬೆಳೆಯುತ್ತಾರೆ. ಇದಕ್ಕಿಂತ ಚೆಂದದ ಮಾತು ವಿಜ್ಞಾನದ ಬಾಯಲ್ಲಿ ಅಪರೂಪಕ್ಕೆ ಬರುತ್ತದೆ.

ಆದರೆ ಹುಟ್ಟುವ ಹೊತ್ತಿನ ತೂಕ ಅಷ್ಟು ವಿಧೇಯವಾಗಿಲ್ಲ. ಇಂಟರ್‌ಗ್ರೋತ್ ಎಂಬ ಅಧ್ಯಯನ ಎಂಟು ಊರುಗಳಲ್ಲಿ, ನಮ್ಮ ನಾಗಪುರವೂ ಸೇರಿ, ಅನುಕೂಲಸ್ಥ ಗರ್ಭಿಣಿಯರನ್ನೇ ಆರಿಸಿ ಅಳೆದು 2014ರಲ್ಲಿ ಫಲಿತಾಂಶ ಕೊಟ್ಟಿತು. ಮಕ್ಕಳ ಉದ್ದ ಎಲ್ಲ ಕಡೆಯೂ ಹತ್ತಿರ ಹತ್ತಿರ ಒಂದೇ. ತೂಕದಲ್ಲಿ ಮಾತ್ರ ನಾಗಪುರದ್ದು ಸುಮಾರು 2.9 ಕೆ.ಜಿ., ಎಲ್ಲಕ್ಕಿಂತ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯೇ ಹತ್ತು ದೇಶಗಳ ಭ್ರೂಣಗಳನ್ನು ಅಳೆದು 2017ರಲ್ಲಿ ಪ್ರಕಟಿಸಿದಾಗ ಭಾರತದ ಮತ್ತು ನಾರ್ವೆಯ ಮಕ್ಕಳ ನಡುವೆ ಸುಮಾರು ಆರುನೂರು ಗ್ರಾಂ ಅಂತರ ಕಂಡಿತು. ಹಾಗಾದರೆ ನಮ್ಮ ಮಗು ಸಣ್ಣದಾಗಿಯೇ ಸರಿಯಾಗಿದೆಯೋ, ಅಥವಾ ಅದರ ತಾಯಿ, ಅಜ್ಜಿ, ಮುತ್ತಜ್ಜಿ ಉಣ್ಣದೇ ಬಿಟ್ಟ ಊಟ ಇನ್ನೂ ಅದರ ಮೈಮೇಲಿದೆಯೋ? ಒಂದು ಹೆರಿಗೆಯ ಅನುಕೂಲದಿಂದ ಮೂರು ತಲೆಮಾರಿನ ಬಡತನ ಹೋಗಿಬಿಡುತ್ತದೆ ಅಂತ ಎಣಿಸುವುದು ತಪ್ಪು ಅಂತಲೇ ನನಗನ್ನಿಸುತ್ತದೆ.

ಇಂಗ್ಲೆಂಡಿನಲ್ಲಿ ಜೇಸನ್ ಗಾರ್ದೋಸಿ ಎಂಬ ವೈದ್ಯರು 1990ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಪ್ರತಿ ತಾಯಿಗೂ ಅವಳದೇ ಚಾರ್ಟು: ಅವಳ ಎತ್ತರ, ತೂಕ, ಎಷ್ಟನೆಯ ಹೆರಿಗೆ, ಜೊತೆಗೆ ಅವಳ ಮೂಲ. ಅಂದರೆ ಮನೆ ಬಿಟ್ಟು ಎಷ್ಟು ದೂರ ಹೋದರೂ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಅವಳ ಊರು ಜೊತೆಗೇ ಇರುತ್ತದೆ. ಇದರಿಂದ ಎಷ್ಟೋ ಮಂದಿ ಗಟ್ಟಿಮುಟ್ಟಾದ ಸಣ್ಣ ಮಕ್ಕಳಿಗೆ 'ಬೆಳವಣಿಗೆ ಕುಂಠಿತ' ಎಂಬ ಹಣೆಪಟ್ಟಿ ತಪ್ಪುತ್ತದೆ, ತಾಯಂದಿರಿಗೆ ಸುಮ್ಮಸುಮ್ಮನೆ ನೋವು ಬರಿಸುವುದು ತಪ್ಪುತ್ತದೆ. ಸರಿ. ಆದರೆ 'ನಿಮ್ಮ ಕಡೆಯವರಿಗೆ ಇಷ್ಟು ಸಾಕು' ಅನ್ನುವುದು ದಯೆಯೋ, ಕೈತೊಳೆದುಕೊಳ್ಳುವುದೋ?

ಈ ಜಗಳ ಪುಣೆಗೆ ಹೊಸದಲ್ಲ. ವಿಶ್ವಸಂಸ್ಥೆಯ ಆಹಾರ ಸಂಸ್ಥೆಯಿಂದ ನಿವೃತ್ತರಾಗಿ ಇಲ್ಲಿ ನೆಲೆಸಿದ್ದ ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ, ಮನುಷ್ಯನ ದೇಹ ಕಡಿಮೆ ಆಹಾರಕ್ಕೆ ಹೊಂದಿಕೊಳ್ಳಬಲ್ಲದು, ಹಸಿವಿನ ಲೆಕ್ಕ ಉಬ್ಬಿದೆ ಅಂತ ವಾದಿಸಿದರು. 1980ರ ದಶಕದಲ್ಲಿ ಡೇವಿಡ್ ಸೆಕ್ಲರ್ ಎಂಬ ಅರ್ಥಶಾಸ್ತ್ರಜ್ಞ ಅದನ್ನೇ 'ಸಣ್ಣ, ಆದರೆ ಆರೋಗ್ಯವಂತ' ಎಂಬ ಮಾತಾಗಿಸಿದರು. ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಇದಕ್ಕೆ ಕೆರಳಿ ಕೇಳಿದ್ದು ಇಷ್ಟೇ: ಸಣ್ಣದಿರುವುದು ಆರೋಗ್ಯ ಅನ್ನುವ ಮಾತು ಬಡವರಿಗೆ ಮಾತ್ರವೋ, ಶ್ರೀಮಂತರ ಮಕ್ಕಳಿಗೂ ಉಂಟೋ? 2013ರಲ್ಲಿ ಅರವಿಂದ ಪನಗರಿಯಾ ಇದೇ ಚರ್ಚೆಯನ್ನು ಮತ್ತೆ ಎಬ್ಬಿಸಿದರು. ನಾನು ಗೋಪಾಲನ್ ಪಕ್ಷ, ಬಹುಮಟ್ಟಿಗೆ. ಗೆರೆಯನ್ನು ಇನ್ನೂರು ಗ್ರಾಂ ಕೆಳಗೆ ಎಳೆದರೆ ಒಂದೇ ರಾತ್ರಿಯಲ್ಲಿ ಲಕ್ಷಾಂತರ ಮಕ್ಕಳು 'ಸರಿಹೋಗುತ್ತಾರೆ', ಒಂದು ತುತ್ತು ಅನ್ನವನ್ನೂ ಹೆಚ್ಚಿಗೆ ಹಾಕದೆ.

ಬಹುಮಟ್ಟಿಗೆ ಅಂದೆ. ಪೂರ್ತಿ ಅನ್ನಲು ಬಿಡದವಳು ಯಾದಗಿರಿ ಕಡೆಯ ಒಬ್ಬ ಹೆಣ್ಣುಮಗಳು. ನಮ್ಮ ಬಡಾವಣೆಯ ಪಕ್ಕ ಎದ್ದ ಕಟ್ಟಡದಲ್ಲಿ ಗಾರೆ ಬುಟ್ಟಿ ಹೊರುತ್ತಿದ್ದವಳು. ಪುಣೆಯ ಅರ್ಧ ಕಟ್ಟಡಗಳು ಎದ್ದದ್ದೇ ಕಲಬುರಗಿ, ಯಾದಗಿರಿ, ವಿಜಯಪುರದ ಬೆನ್ನುಗಳ ಮೇಲೆ ಅಂತ ನಾನು ಹೇಳುವುದುಂಟು. ಅವಳಿಗೆ ಮರಾಠಿ ಅಷ್ಟಕ್ಕಷ್ಟೇ, ಹಾಗಾಗಿ ಆಸ್ಪತ್ರೆಯಲ್ಲಿ ನಾನು ದುಭಾಷಿ. ಮಗು ಎರಡು ಕಿಲೋ ಮುನ್ನೂರೈವತ್ತು. ದಿನ ತುಂಬಿ ಹುಟ್ಟಿದ್ದು, ಹಾಲು ಚೆನ್ನಾಗಿ ಎಳೆಯುತ್ತಿತ್ತು. ಡಾಕ್ಟರು "ವಜನ ಕಮೀ ಆಹೇ" ಅಂದದ್ದನ್ನು ನಾನು ಕನ್ನಡಕ್ಕೆ ತಂದೆ. ಅವಳು ನನ್ನನ್ನೇ ದಿಟ್ಟಿಸಿ, "ಅಕ್ಕಾರ, ನಮ್ಮೂರಾಗ ಎಲ್ಲಾ ಕೂಸು ಇಷ್ಟೇ ಇರ್ತಾವ್ರಿ. ಇದು ಸಣ್ಣದು ಅಂದ್ರ, ದೊಡ್ಡದು ಯಾರ ಕೂಸ್ರಿ?" ಅಂದಳು. ಅವಳ ತಾಯಿ ಬಸಿರಿನಲ್ಲಿ ಹೊಟ್ಟೆ ತುಂಬ ಉಣ್ಣಬೇಡ ಅಂದಿದ್ದಳಂತೆ, ಕೂಸು ದೊಡ್ಡದಾದರೆ ಹಡೆಯುವಾಗ ತ್ರಾಸಾಗುತ್ತದೆ ಅಂತ. ಇದನ್ನು ಮೂಢನಂಬಿಕೆ ಅಂತ ನಗುವುದು ಸುಲಭ. ಸಿಸೇರಿಯನ್ ಇಲ್ಲದ ಊರಿನಲ್ಲಿ ಗಿಡ್ಡ ಹೆಣ್ಣು ದೊಡ್ಡ ಮಗುವನ್ನು ಹೊತ್ತರೆ ಇಬ್ಬರೂ ಹೋಗುತ್ತಿದ್ದರು. ಆ ಭಯಕ್ಕೆ ಹುಟ್ಟಿದ ಲೆಕ್ಕ ಅದು.

ಅವಳ ಪ್ರಶ್ನೆಗೆ ಉತ್ತರದ ಒಂದು ತುಂಡು ಮೈಸೂರಿನಲ್ಲಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. 1954ರೊಳಗೆ ಅಲ್ಲಿ ಹುಟ್ಟಿದವರನ್ನು ಬಹಳ ವರ್ಷಗಳ ನಂತರ ಹುಡುಕಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದರು. ಐದೂವರೆ ಪೌಂಡು, ಅಂದರೆ ಅದೇ ಎರಡೂವರೆ ಕಿಲೋ, ಅದರೊಳಗೆ ಹುಟ್ಟಿದವರಲ್ಲಿ ನಲವತ್ತೈದು ದಾಟಿದ ಮೇಲೆ ಹೃದ್ರೋಗ ನೂರಕ್ಕೆ 11 ಮಂದಿಗೆ. ಏಳು ಪೌಂಡು ಮತ್ತು ಮೇಲ್ಪಟ್ಟವರಲ್ಲಿ 3. ಇನ್ನೊಂದು ತುಂಡು ಪುಣೆಯಲ್ಲೇ ಇದೆ. ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 1993ರಿಂದ ಸುತ್ತಲಿನ ಆರು ಹಳ್ಳಿಗಳ ಹೆಂಗಸರನ್ನು ಬಸಿರಿಗೂ ಮೊದಲಿನಿಂದ ನೋಡಿಕೊಂಡು ಬಂದರು. ಆ ತಾಯಂದಿರ ತೂಕ ಸರಾಸರಿ ಸುಮಾರು 42 ಕೆ.ಜಿ. ಮಕ್ಕಳದು 2.7, ಇಂಗ್ಲೆಂಡಿನ ಮಕ್ಕಳದು 3.5. ಆಶ್ಚರ್ಯವೆಂದರೆ ನಮ್ಮ ಕೂಸುಗಳಲ್ಲಿ ಮಾಂಸಖಂಡ, ಒಳಗಿನ ಅಂಗಾಂಗ ಕಡಿಮೆ, ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿಲ್ಲ. ಸಣಕಲು, ಆದರೆ ಕೊಬ್ಬಿನ ಕೂಸು. ಮಧುಮೇಹದ ಬೀಜ ಅಲ್ಲೇ ಇದೆ ಅಂತ ಅವರ ವಾದ. ಅಲ್ಲಿಗೆ 'ಸಣ್ಣ, ಆದರೆ ಆರೋಗ್ಯವಂತ' ಅನ್ನುವ ಮಾತು ಪೂರ್ತಿ ನಿಲ್ಲುವುದಿಲ್ಲ. ಎಲ್ಲ ಕೂಸೂ ಇಷ್ಟೇ ಇರುವುದು ನಿಜ. ಇಷ್ಟೇ ಇರುವುದರಿಂದ ಇಷ್ಟೇ ಸಾಕು ಅಂತ ಆಗುವುದಿಲ್ಲ.

ಆದರೂ ಆ ಮಾತನ್ನು ಆ ಮಂಚದ ಪಕ್ಕ ನಿಂತು, ಅವಳಿಗೆ, ಆ ದಿನ ಹೇಳಬೇಕೇ? ಯಾಜ್ಞಿಕರ ತಂಡವೇ ಕಂಡುಕೊಂಡ ಪ್ರಕಾರ ಆ ಹಳ್ಳಿಗಳಲ್ಲಿ ಸೊಪ್ಪು, ಹಣ್ಣು, ಹಾಲು ಹೆಚ್ಚು ತಿಂದ ತಾಯಂದಿರ ಮಕ್ಕಳು ದೊಡ್ಡವು, ಮೈಮುರಿದು ದುಡಿದವರ ಮಕ್ಕಳು ಸಣ್ಣವು. ಎಂಟನೇ ತಿಂಗಳವರೆಗೆ ಬುಟ್ಟಿ ಹೊತ್ತವಳಿಗೆ 'ನಿನ್ನ ಮಗು ಕಡಿಮೆ' ಅಂದರೆ, ಕಡಿಮೆ ಮಾಡಿದವಳು ನೀನೇ ಅಂದಂತೆ ಕೇಳಿಸುತ್ತದೆ. ಆ ಗೆರೆಯ ಬೆರಳು ಕಟ್ಟಡದ ಗುತ್ತಿಗೆದಾರನ ಕಡೆ ತಿರುಗಬೇಕು. ಅವಳು ಹನ್ನೆರಡು ವರ್ಷದವಳಿದ್ದಾಗ ಅವಳ ತಟ್ಟೆಯಲ್ಲಿ ಏನಿತ್ತು ಅನ್ನುವ ಕಡೆ ತಿರುಗಬೇಕು. ನಮ್ಮ ಸರ್ಕಾರ 2017ರಲ್ಲಿ ಮಾತೃಪೂರ್ಣ ಯೋಜನೆ ತಂದು ಗರ್ಭಿಣಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಹಾಕಲು ಶುರುಮಾಡಿತು, ಒಳ್ಳೆಯದೇ. ಆದರೆ ದುಡಿಯಲು ಪುಣೆಗೆ ಬಂದವಳ ಪಾಲಿನ ತಟ್ಟೆ ಅವಳ ಹಿಂದೆ ರೈಲು ಹತ್ತಿ ಬರುವುದಿಲ್ಲ.

ಹಾಗಾಗಿ ನನಗೆ ಎರಡು ಅಳತೆ ಬೇಕು, ಅದರಲ್ಲಿ ನನಗೆ ನಾಚಿಕೆಯಿಲ್ಲ. ದೇಶವನ್ನು ತೂಗಲು ಒಂದೇ ಗೆರೆ, ಓಸ್ಲೋಗೂ ಯಾದಗಿರಿಗೂ ಒಂದೇ, ಒಂದು ಗ್ರಾಂ ರಿಯಾಯಿತಿಯಿಲ್ಲ. ತೊಟ್ಟಿಲಿನ ಪಕ್ಕ ಮಾತ್ರ ತಾಯಿಯ ಎತ್ತರ ನೋಡಿ, ಮಗು ಹಾಲು ಎಳೆಯುವುದನ್ನು ನೋಡಿ, ಆಮೇಲೆ ಮಾತಾಡುವ ಡಾಕ್ಟರು. ಕಷ್ಟವೇನೆಂದರೆ ಎರಡನ್ನೂ ಓದುವುದು ಒಂದೇ ಕಾರ್ಡಿನಿಂದ.

ಇನ್ನು ಸಣ್ಣ ಮಗುವನ್ನು ಬೇಗ ದುಂಡಗೆ ಮಾಡುವ ನಮ್ಮ ಆತುರದ ಬಗ್ಗೆ ಒಂದು ಮಾತು. ದೆಹಲಿಯಲ್ಲಿ 1969ರಿಂದ 1972ರ ನಡುವೆ ಹುಟ್ಟಿದವರನ್ನು ದೊಡ್ಡವರಾಗುವವರೆಗೆ ಹಿಂಬಾಲಿಸಿದ ಅಧ್ಯಯನ 2004ರಲ್ಲಿ ಬಂತು. ಮುಂದೆ ಸಕ್ಕರೆ ಕಾಯಿಲೆಯತ್ತ ಹೋದವರು, ಮೊದಲೆರಡು ವರ್ಷ ತೆಳ್ಳಗಿದ್ದು ಆಮೇಲೆ ವರ್ಷ ವರ್ಷ ಮೈತುಂಬಿಕೊಂಡು ಬಂದವರು. ಆಗಲೂ ಅವರೇನು ದಪ್ಪ ಮಕ್ಕಳಾಗಿ ಕಾಣುತ್ತಿರಲಿಲ್ಲ. ಊರಿನಿಂದ ಬಸ್ಸಿನಲ್ಲಿ ಕೊಟ್ಟು ಕಳಿಸುವ ತುಪ್ಪದ ಡಬ್ಬಿ, ಅಂಟಿನುಂಡೆ ಎಲ್ಲ ಬರಲಿ, ಬಾಣಂತಿ ತಿನ್ನಲಿ. ಸೊಪ್ಪನ್ನು ನಾವು ಇಲ್ಲೇ ಮಂಡಿಯಲ್ಲಿ ಕೊಳ್ಳುತ್ತೇವೆ.