ಅಂಜಿಕೆಗೆ ಎಷ್ಟು ಭಾವ?

ನಮ್ಮ ವಾಚನಾಲಯದಾಗ ಮ್ಯಾಗಝಿನ್ ಅಂದ್ರ ತಿಂಗಳಿಗೊಮ್ಮೆ ಬರುವ ಪುಸ್ತಕ. ಜಾತ್ರೆಗೆಂದು ಅಮೆರಿಕದಿಂದ ಬಂದಿದ್ದ ನಮ್ಮ ಅಳಿಯನ ತಮ್ಮ ಅಲ್ಲೇ ಕುಂತು ಬ್ಯಾರೆ ಮ್ಯಾಗಝಿನ್ನಿನ ಮಾತು ತೆಗೆದ. ಅದು ರೈಫಲ್ಲಿನದು. ಗುಂಡುಗಳನ್ನು ಒಂದರ ಮೇಲೊಂದು ತುಂಬುವ ಡಬ್ಬಿ. ತಳದಾಗ ಸ್ಪ್ರಿಂಗ್ ಇರತೈತಿ. ಒಂದು ಗುಂಡು ಹಾರಿತಂದ್ರ ಮುಂದಿನದನ್ನು ಅದು ಮೇಲಕ್ಕೆ ನೂಕತೈತಿ. ಎರಡಕ್ಕೂ ಒಂದೇ ಹೆಸರು ಯಾಕ ಅಂತ ಕೇಳಿದೆ. ಮೂಲ ಅರಬ್ಬಿ ಶಬ್ದ, ಉಗ್ರಾಣ ಅಂತ ಅರ್ಥ ಎಂದು ಮಾಸ್ತರರು ಹೇಳಿದರು. ಅಂದ್ರ ನಮ್ಮ ಹಗೇವು. ಒಬ್ಬರು ಅದರಾಗ ಮಾತು ತುಂಬಿದರು, ಇನ್ನೊಬ್ಬರು ಗುಂಡು ತುಂಬಿದರು.

ಆ ಹುಡುಗ ಹೇಳಿದ್ದು 2012ರ ಚಳಿಗಾಲದ ಸಂಗತಿ. ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ನ್ಯೂಟೌನ್ ಊರಿನ ಸ್ಯಾಂಡಿ ಹುಕ್ ಶಾಲೆಯೊಳಗೆ ಒಬ್ಬ ನುಗ್ಗಿ 20 ಮಕ್ಕಳನ್ನೂ 6 ಮಂದಿ ದೊಡ್ಡವರನ್ನೂ ಕೊಂದ. ಅವನ ರೈಫಲ್ಲಿಗೆ ಇದ್ದದ್ದು 30 ಗುಂಡಿನ ಡಬ್ಬಿ. ಇಂಥ ದೊಡ್ಡ ಡಬ್ಬಿ ಬೇಡ, 10 ಗುಂಡಿನದು ಸಾಕು ಎಂಬ ಮಾತು ಸರಕಾರದಲ್ಲಿ ಎದ್ದಿತು. ಆ ಮಾತು ಕೇಳಿದ ಮಂದಿ ಅಂಗಡಿಗೆ ಓಡಿದರು. ಮುಂದ ಸಿಗಲಿಕ್ಕಿಲ್ಲ ಎಂಬ ಅಂಜಿಕೆ. 12-15 ಡಾಲರಿಗೆ ಸಿಗುತ್ತಿದ್ದ ಪ್ಲಾಸ್ಟಿಕ್ ಡಬ್ಬಿ ಕೆಲವು ಕಡೆ 50 ಡಾಲರ್ ದಾಟಿತು. ಅವರಿಗೆ ಹಿಂದಿನ ಅನುಭವವೂ ಇತ್ತು. 1994ರಿಂದ 2004ರ ತನಕ ಅಲ್ಲಿ 10ಕ್ಕಿಂತ ಹೆಚ್ಚು ಗುಂಡಿನ ಹೊಸ ಡಬ್ಬಿಯನ್ನು ಸಾಮಾನ್ಯ ಜನರಿಗಾಗಿ ಮಾಡುವಂತಿರಲಿಲ್ಲ. ಹಳೆಯದನ್ನು ಮಾರಬಹುದಿತ್ತು. ಹಂಗಾಗಿ ಹಳೆಯದಕ್ಕೆ ಬೆಲೆ ಬಂದಿತ್ತು.

ತಮ್ಮ ದೇಶದಾಗ ಮಾಡಿದ ಡಬ್ಬಿಗೆ ಅಲ್ಲಿ ಇನ್ನೊಂದು ಕಾರಣಕ್ಕೂ ಗಿರಾಕಿ ಇದ್ದಾರಂತೆ. ಹೊರದೇಶದ ಭಾಗಗಳನ್ನು ತಂದು ಜೋಡಿಸುವ ಕೆಲವು ಜಾತಿಯ ರೈಫಲ್ಲಿಗೆ ಒಂದು ಕಾಯಿದೆ ಐತಿ. ಪಟ್ಟಿ ಮಾಡಿದ 20 ಭಾಗಗಳಲ್ಲಿ ಹೊರಗಿನವು 10ಕ್ಕಿಂತ ಹೆಚ್ಚು ಇರಬಾರದು. ಡಬ್ಬಿಯ ಮೈ, ಗುಂಡನ್ನು ನೂಕುವ ಹಲಗೆ, ತಳದ ಮುಚ್ಚಳ, ಈ ಮೂರೂ ಆ ಪಟ್ಟಿಯಲ್ಲಿವೆ. ಸ್ವದೇಶಿ ಡಬ್ಬಿ ಹಾಕಿದರೆ ಮೂರರ ಲೆಕ್ಕ ಒಮ್ಮೆಲೇ ಚುಕ್ತಾ. ಅಂದ್ರ ಬೆಲೆಯೊಳಗೆ ಮಾಡಿದವನ ಬೆವರಿನದು ಒಂದು ಪಾಲು, ಕಾಯಿದೆಯದು ಒಂದು ಪಾಲು. ಆ ಚಳಿಗಾಲದಾಗ ಮೂರನೇ ಪಾಲು ಕೂಡಿತು. ಅದು ಅಂಜಿಕೆಯದು.

ಕೇಳುತ್ತಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಅದೇ ಚಳಿಗಾಲ ನಮ್ಮ ಜತ್ತ ತಾಲೂಕಿನಾಗ ಬರ ಬಿದ್ದಿತ್ತು. ಮುಂದ ದನಗಳ ಛಾವಣಿಗಳು ತೆರೆದದ್ದು ನಿಮಗೆಲ್ಲ ನೆನಪಿದೆ. ನನ್ನ ಹಿತ್ತಲದಾಗ ಹಿಂದಿನ ವರ್ಷದ ಜೋಳದ ಕಣಿಕಿಯ ಎರಡು ಬಣಿವೆ ಇದ್ದವು. 800 ರೂಪಾಯಿಗೆ ಹೋಗುವ ನೂರು ಸೂಡನ್ನು ನಾನು 2400ಕ್ಕೆ ಮಾರಿದೆ. ಒಂದು ಬಣಿವೆ ಪೂರಾ ಪ್ಯಾಟಿಯ ವ್ಯಾಪಾರಿ ಒಯ್ದ. ನನ್ನ ಬಾಜೂ ಹೊಲದವ ಎರಡು ಸಲ ಐವತ್ತೈವತ್ತು ಸೂಡು ಒಯ್ದ. ಮೂರನೇ ಸಲ ಬರಲಿಲ್ಲ. ಒಂದು ಎತ್ತು ಮಾರಿದ ಅಂತ ಆಮೇಲೆ ತಿಳಿಯಿತು. ಅವನು ನನ್ನ ಹಾಡಿನ ಮೇಳದಾಗ ಸೂರು ಹಿಡಿಯುವವ.

ನಾನು ಮಾಡಿದ್ದು ತಪ್ಪೋ ಸರಿಯೋ? ನಾನು ಹರದೇಸಿ ಹಾಡುವವ. ಒಂದು ಪಕ್ಷ ಹಿಡಿದು ವಾದ ಮಾಡೋದು ನನಗೆ ರೂಢಿ. ನನ್ನ ಪಕ್ಷ ಹಿಂಗ ಹೇಳತೈತಿ: ಭಾವ ಏರಲಿಲ್ಲಂದ್ರ ಬಣಿವೆ ಹೊರಗ ಬರತಿರಲಿಲ್ಲ. ಬೇಡಿಕೆ ಕಂಡಮೇಲೆ ಕಾರ್ಖಾನೆಯವನೂ ಹೆಚ್ಚು ಮಾಡತಾನ. ಅಮೆರಿಕದಾಗ ಹಳೆಯ ದರಕ್ಕೇ ಮಾರಿದ ಅಂಗಡಿಯವರೂ ಇದ್ದರು. ಅಲ್ಲಿ ಕೊಂಡ ಡಬ್ಬಿಯನ್ನೇ ಹೊರಗ ಹೋಗಿ ಮೂರು ಪಟ್ಟಿಗೆ ಮಾರಿದವರೂ ಇದ್ದರು. ಹಂಗಾದರೆ ಅಗ್ಗ ಕೊಟ್ಟರೆ ಧರ್ಮ ಆಯಿತೇನು?

ನಾಗೇಸಿ ಎದ್ದು ಹೇಳತಾಳ: ನಿನ್ನ ಭಾವಕ್ಕೆ ಕಣ್ಣಿಲ್ಲ. ಎರಡು ಎತ್ತಿನ ಹೊಟ್ಟೆಗೆ ಕೇಳಿದವನೂ ಇನ್ನೂ ತುಟ್ಟಿಯಾದಾಗ ಮಾರಲು ಕೇಳಿದವನೂ ಒಂದೇ ಸಾಲಿನಾಗ ನಿಂತಿದ್ದರು. ನೀ ಅವರ ಕಿಸೆ ನೋಡಿದಿ, ಮಾರಿ ನೋಡಲಿಲ್ಲ.

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಆ ವರ್ಷ ನೀರಿನ ಟ್ಯಾಂಕರ್ ಬಂದಾಗ ನಾವು ಲಿಲಾವು ಕೂಗಲಿಲ್ಲ. ಮನೆಗೆ ಇಷ್ಟು ಕೊಡ ಅಂತ ಅಳತೆ ಮಾಡಿದೆವು. ಅಲ್ಲಿಯೂ ಕೆಲವು ಅಂಗಡಿಯವರು ಒಬ್ಬರಿಗೆ ಇಷ್ಟೇ ಅಂತ ಮಿತಿ ಹಾಕಿದರಂತೆ. ಬೆಲೆ ಏರಿಸಬೇಕೋ ಇಳಿಸಬೇಕೋ ಎನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು ಯಾರಿಗೆ, ಎಷ್ಟು, ಯಾತಕ್ಕೆ ಅಂತ. ನೀರಿಗೆ ಈ ಬುದ್ಧಿ ಇತ್ತು. ಕಣಿಕಿಗೆ ಯಾಕ ಬರಲಿಲ್ಲ? ನೀರು ಊರಿನದು, ಕಣಿಕಿ ನನ್ನದು. ಅಷ್ಟೇ ಕಾರಣ.

ಇನ್ನೊಂದು ಮಾತು. ಎಲ್ಲ ಅಂಜಿಕೆಯೂ ಒಂದೇ ಅಲ್ಲ. ಬಾಜೂದವನ ಅಂಜಿಕೆ ಖರೇ ಇತ್ತು, ದನದ ಹೊಟ್ಟೆ ಒಳಗ ಹೋಗಿತ್ತು. ಅವನು ಒಯ್ದ ಕಣಿಕಿ ಸಗಣಿಯಾಗಿ ಹೊಲಕ್ಕೆ ಬಿತ್ತು. ಅಲ್ಲಿ ಇಡೀ ದೇಶಕ್ಕೆ ಬರುತ್ತದೆ ಎಂದು ಅಂಜಿದ ಕಾಯಿದೆ ಬರಲಿಲ್ಲ. 2013ರ ಏಪ್ರಿಲ್ 17ರಂದು ಅವರ ಸೆನೆಟ್ ಸಭೆಯಲ್ಲಿ ಡಬ್ಬಿಗೆ ಮಿತಿ ಹಾಕುವ ತಿದ್ದುಪಡಿ 46-54ರಲ್ಲಿ ಬಿದ್ದಿತು. ಮುಂದ ಡಬ್ಬಿಯ ಬೆಲೆ ಇಳಿಯಿತು. 50 ಡಾಲರ್ ಕೊಟ್ಟು ಕೊಂಡ ಡಬ್ಬಿ ತಿಂದು ಮುಗಿಯುವಂಥದಲ್ಲ. ಸಂದೂಕಿನಾಗ ಹಂಗೇ ಉಳಿಯಿತು, ಅದರ ಸಂಗಡ ಅಂಜಿಕೆಯೂ ಉಳಿಯಿತು.

ಡಬ್ಬಿ ಸಿಗಲಿಕ್ಕಿಲ್ಲ ಎಂಬ ಅಂಜಿಕೆಗೆ ಬಾಜಾರ ಒಂದು ಭಾವ ಕಟ್ಟಿತು. ಅದಾದ ಮೇಲೆ ಮಗುವಿನ ಕೈಯಾಗ ಪಾಟಿಚೀಲ ಕೊಟ್ಟು ಶಾಲೆಗೆ ಕಳಿಸಿದ ತಾಯಿಯ ಅಂಜಿಕೆಗೆ ಯಾವ ಅಂಗಡಿಯೂ ಭಾವ ಕಟ್ಟಲಿಲ್ಲ. ರೊಕ್ಕ ಹಿಡಿದು ಬಂದ ಅಂಜಿಕೆಯ ಕೂಗು ಮಾತ್ರ ಬಾಜಾರಕ್ಕೆ ಕೇಳಿಸತೈತಿ. ಉಳಿದದ್ದನ್ನು ನಾವೇ ಕಿವಿಗೊಟ್ಟು ಕೇಳಬೇಕು.

ಆ ವರ್ಷದ ರೊಕ್ಕದಾಗ ನಾನು ಮನೆಗೆ ಪತ್ರಾಸು ಹಾಕಿಸಿದೆ. ಇದನ್ನು ಬರೆಯುತ್ತಿರುವುದು ಅದರ ನೆರಳಿನಾಗೇ. ಜಾತ್ರೆ ಮುಗಿದ ಮೇಲೆ ಬಾಜೂದವನಿಗೆ ಹೇಳಿದೆ, "ಅವತ್ತು ನಾ ತಪ್ಪು ಮಾಡಿದೆ." ಅವನು ಸಮಾಧಾನದಿಂದ ಅಂದ, "ನಿನ್ನ ಕಣಿಕಿ ಇರಲಿಲ್ಲಂದ್ರ ಇನ್ನೊಂದು ಎತ್ತೂ ಹೋಗತಿತ್ತು." ಅವನು ಉಪಕಾರ ನೆನೆದು ಅಂದನೋ, ಚುಚ್ಚಿ ಅಂದನೋ, ಇನ್ನೂ ತಿಳಿದಿಲ್ಲ. ಈ ಸಲ ಬಣಿವೆ ಒಟ್ಟಿದಾಗ ಮೊದಲು ಓಣಿಯ ದನ ಎಣಿಸಿಕೊಂಡು ಬಂದೀನಿ. ಬರ ಬಿದ್ದರೆ ಆ ಎಣಿಕೆ ಪ್ರಕಾರ, ಹಳೆಯ ದರಕ್ಕೆ. ಓದುವವರು ಸಾಕ್ಷಿ ಇರಲಿ ಅಂತ ಇಲ್ಲಿ ಬರೆದೀನಿ.