ರಾಣಿಯನ್ನಲ್ಲ, ಮೊಟ್ಟೆಯನ್ನು ನೋಡಿ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ನಮ್ಮವರಲ್ಲಿ ಜೇನು ಸಾಕುವ ಆಸೆಯುಳ್ಳವರಿದ್ದಾರೆ. ಕೆಲವರು ಬದ್ಲಾಪುರ, ಮುರ್ಬಾಡ್ ಕಡೆ ಕೊಂಡ ತುಂಡು ಜಾಗದಲ್ಲಿ ಪೆಟ್ಟಿಗೆ ಇಡುತ್ತಾರೆ. ಕೆಲವರು ಪುತ್ತೂರು, ಸುಳ್ಯದ ಮನೆತೋಟದಲ್ಲಿಟ್ಟು ಊರಿಗೆ ಹೋದಾಗ ತೆರೆದು ನೋಡುತ್ತಾರೆ. ಮುಚ್ಚಳ ತೆಗೆದ ಕೂಡಲೇ ಹೊಸಬರ ಕಣ್ಣು ಹುಡುಕುವುದು ರಾಣಿಯನ್ನು. ಸಾವಿರಾರು ನೊಣಗಳ ನಡುವೆ ಅವಳು ಸುಲಭಕ್ಕೆ ಸಿಗುವುದಿಲ್ಲ. ಒಂದೊಂದೇ ಚೌಕಟ್ಟು ಎತ್ತಿ ತಿರುಗಿಸುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ನೊಣಗಳು ಮರಿಗಳ ಸುತ್ತ 33ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸಿ ಕಾಪಾಡಿಕೊಂಡಿರುತ್ತವೆ. ಅಷ್ಟು ಹೊತ್ತು ತೆರೆದಿಟ್ಟರೆ ಅದು ತಪ್ಪಿಹೋಗುತ್ತದೆ. ನಮ್ಮ ತುಡುವೆ ಜೇನಂತೂ ಕಾಟ ಹೆಚ್ಚಾದರೆ ಗೂಡನ್ನೇ ಬಿಟ್ಟು ಹೊರಟುಬಿಡುತ್ತದೆ.

ಮೊಟ್ಟೆ ಕಂಡರೆ ಸಾಕು. ಬಿಸಿಲಿಗೆ ಬೆನ್ನು ಮಾಡಿ ನಿಂತು, ಕಣಗಳ ತಳಕ್ಕೆ ಬೆಳಕು ಬೀಳುವಂತೆ ಚೌಕಟ್ಟನ್ನು ಹಿಡಿಯಿರಿ. ಪೆಟ್ಟಿಗೆಯ ಮೇಲೆಯೇ ಹಿಡಿದರೆ ಒಳ್ಳೆಯದು, ರಾಣಿ ಬಿದ್ದರೂ ಒಳಗೇ ಬೀಳುತ್ತಾಳೆ. ಕಣದ ತಳದಲ್ಲಿ ದಾರದ ಎಳೆಯಷ್ಟು ಸಣ್ಣ, ಬಿಳಿಯ ಮೊಟ್ಟೆ ಕಾಣುತ್ತದೆ. ನೆಟ್ಟಗೆ ನಿಂತಿದ್ದರೆ ಇವತ್ತಿನದು, ಬಾಗಿದ್ದರೆ ನಿನ್ನೆಯದು, ಮಲಗಿದ್ದರೆ ಮೊನ್ನೆಯದು. ಮೂರು ದಿನಕ್ಕೆ ಅದರಿಂದ ಮರಿ ಹೊರಬರುತ್ತದೆ. ಕಣಕ್ಕೊಂದರಂತೆ ಮೊಟ್ಟೆ ಇದೆಯೆಂದರೆ ಈ ಮೂರು ದಿನಗಳಲ್ಲಿ ರಾಣಿ ಅಲ್ಲಿ ಓಡಾಡಿದ್ದಾಳೆ. ಇನ್ನು ಮುಚ್ಚಳ ಹಾಕಿಬಿಡಬಹುದು.

ಒಂದೇ ಕಣದಲ್ಲಿ ನಾಲ್ಕೈದು ಮೊಟ್ಟೆ, ಅವೂ ಗೋಡೆಗೆ ಅಂಟಿಕೊಂಡಿದ್ದರೆ ಮಾತ್ರ ಯೋಚಿಸಬೇಕು. ಬಹಳ ದಿನ ರಾಣಿ ಇಲ್ಲದ ಗೂಡಿನಲ್ಲಿ ಕೆಲಸಗಾರ ನೊಣಗಳೇ ಮೊಟ್ಟೆಯಿಡುತ್ತವೆ, ಅವುಗಳಿಂದ ಗಂಡು ನೊಣಗಳು ಮಾತ್ರ ಹುಟ್ಟುತ್ತವೆ. ಹಾಗೆಂದು ಮೊಟ್ಟೆಯೇ ಕಾಣದಿದ್ದರೆ ರಾಣಿ ಸತ್ತಳೆಂದು ತೀರ್ಮಾನಿಸಬೇಡಿ. ಎರಿಯ ಕೆಳ ಅಂಚನ್ನು ನೋಡಿ. ಅಲ್ಲಿ ಕೆಳಮುಖವಾಗಿ ಇಳಿಬಿದ್ದ ಉದ್ದನೆಯ ರಾಣಿಕಣಗಳಿದ್ದರೆ ಕುಟುಂಬ ಪಾಲಾಗಿರಬಹುದು. ಹಳೆಯ ರಾಣಿ ಹೋದ ಮೇಲೆ ಹೊಸಬಳು ಕಣದಿಂದ ಹೊರಬಂದು, ಹಾರಿ ಗಂಡು ನೊಣಗಳನ್ನು ಕೂಡಿ, ಮೊಟ್ಟೆಯಿಡಲು ಎರಡು ಮೂರು ವಾರ ಬೇಕು. ಈ ದಿನಗಳಲ್ಲಿ ಕೈಯಾಡಿಸದೆ ಕಾಯುವುದೇ ನಾವು ಮಾಡಬಹುದಾದ ದೊಡ್ಡ ಉಪಕಾರ.

ಫೋನಿನಲ್ಲಿ ಸಿಗುವ ವಿಡಿಯೊಗಳಲ್ಲಿ ಹೆಚ್ಚಿನವು ಯುರೋಪಿನ ಮೆಲ್ಲಿಫೆರಾ ಜೇನಿನವು. ಅವನ್ನು ನೋಡಿ ಕಲಿತವರು ತುಡುವೆಯ ಎರಿಯಲ್ಲಿ ಗಂಡುಮರಿಗಳ ಉಬ್ಬಿದ ಮುಚ್ಚಳದ ನಡುವೆ ಸೂಜಿ ಚುಚ್ಚಿದಂಥ ತೂತು ಕಂಡರೆ ರೋಗ ಬಂತೆಂದು ಗಾಬರಿಯಾಗುತ್ತಾರೆ. ಆ ತೂತು ತುಡುವೆಯ ಹುಟ್ಟುಗುಣ. ನಿಜವಾದ ರೋಗದ ಗುರುತು ಬೇರೆ. ಆರೋಗ್ಯವಂತ ಎಳೆಮರಿ ಮುತ್ತಿನ ಬಿಳುಪಿನದು, ಕಣದ ತಳದಲ್ಲಿ ಸುರುಳಿಯಾಗಿ ಮಲಗಿರುತ್ತದೆ. ಬೆಳೆದ ಮರಿ ಉದ್ದಕ್ಕೆ ಚಾಚಿ ಸತ್ತಿದ್ದು, ತಲೆಯ ತುದಿ ಎತ್ತಿಕೊಂಡು, ಚಿಮುಟದಲ್ಲಿ ಎಳೆದರೆ ನೀರು ತುಂಬಿದ ಚೀಲವಾಗಿ ಹೊರಬಂದರೆ ಅದು ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. 1991ರ ಸುಮಾರಿಗೆ ಕರ್ನಾಟಕಕ್ಕೆ ಬಂದ ಈ ವೈರಸ್ಸಿನ ಥಾಯ್ ತಳಿ ಕೊಡಗು, ದಕ್ಷಿಣ ಕನ್ನಡದ ಬಹುಪಾಲು ಪೆಟ್ಟಿಗೆಗಳನ್ನು ಬರಿದು ಮಾಡಿತ್ತು. ಅಂಥ ಮರಿ ಕಂಡರೆ ಆ ಪೆಟ್ಟಿಗೆಯ ಚೌಕಟ್ಟನ್ನು ಇನ್ನೊಂದಕ್ಕೆ ಹಾಕಬೇಡಿ, ಬಲ್ಲವರಿಗೆ ತೋರಿಸಿ. ಖಾದಿ ಆಯೋಗದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ 1962ರಿಂದ ಪುಣೆಯಲ್ಲಿದೆ. ಕಲ್ಯಾಣದಲ್ಲಿ ರೈಲು ಹತ್ತಿದರೆ ಕೆಲವೇ ಗಂಟೆಗಳ ದಾರಿ. ನುರಿತವರ ಪಕ್ಕದಲ್ಲಿ ನಿಂತು ಒಂದು ಗೂಡು ನೋಡಿದರೆ ಹತ್ತು ವಿಡಿಯೊಗಳಲ್ಲಿ ಸಿಗದ್ದು ಸಿಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಕೊಂಕಣದ ಮಳೆಯಲ್ಲಿ ಎರಿಯ ನೋಟವೇ ಬದಲಾಗುತ್ತದೆ. ಪರಾಗ, ಮಕರಂದ ಬರುವುದು ಕಡಿಮೆ, ರಾಣಿಯೂ ಮೊಟ್ಟೆ ಕಡಿಮೆ ಮಾಡುತ್ತಾಳೆ. ಆಗ ಮೊಟ್ಟೆ ಎಣಿಸುವುದಕ್ಕಿಂತ ಎರಿಯ ಮೇಲಂಚಿನಲ್ಲಿ ಮುಚ್ಚಿದ ಜೇನು ಉಳಿದಿದೆಯೇ ನೋಡುವುದು ಮುಖ್ಯ. ಇಲ್ಲದಿದ್ದರೆ ಸಕ್ಕರೆ ಪಾಕ ಕೊಡಬೇಕು, ಅದೂ ಸಂಜೆ ಕತ್ತಲಾಗುವ ಹೊತ್ತಿಗೆ. ಹಗಲಲ್ಲಿ ಕೊಟ್ಟರೆ ಅಕ್ಕಪಕ್ಕದ ಗೂಡಿನ ನೊಣಗಳು ಲೂಟಿಗೆ ಬರುತ್ತವೆ.