ಉಣ್ಣೆಗಿಲ್ಲದ ಮೈಲಿಗೆ

ತುರ್ಕಿ ದೇಶದ ಹಳ್ಳಿಯ ಹೆಣ್ಣುಮಕ್ಕಳು ಉಣ್ಣೆಯ ಗಂಟು ಒಂದೊಂದಾಗಿ ಕಟ್ಟಿ ನೇಯ್ದ ಜಮಖಾನಗಳು ಐನೂರು ವರ್ಷದ ಹಿಂದೆಯೇ ಯುರೋಪಿನ ಶ್ರೀಮಂತರ ಮನೆ ಸೇರಿದವು. 1533ರಲ್ಲಿ ಹಾನ್ಸ್ ಹೊಲ್ಬೈನ್ ಎಂಬ ಚಿತ್ರಕಾರ ಇಬ್ಬರು ರಾಯಭಾರಿಗಳ ಚಿತ್ರ ಬರೆದ. ಅವರ ಮೊಳಕೈ ಕೆಳಗೆ ಅಂಥದೊಂದು ಹಾಸು. ಆ ಬಗೆಯ ಹಾಸಿಗೆ ಪಂಡಿತರು ಇಟ್ಟ ಹೆಸರು ಹೊಲ್ಬೈನ್ ಜಮಖಾನ. ನೇಯ್ದಾಕಿ ಹೆಸರಲ್ಲ, ನೋಡಿ ಬರೆದವನ ಹೆಸರು!

ಇದು ದೂರದ ಮಾತು ಅಂತ ತಾಂಬಾದವರು, ಇಂಡಿ-ಸಿಂದಗಿಯವರು ನಗಬೇಕಾಗಿಲ್ಲ. ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯದಾಗ ಹಳೇ ರತ್ನಗಂಬಳಿಗಳು ಅದಾವ. ನೋಡಿದವರು ಸುಲ್ತಾನರ ವೈಭವ ಹೊಗಳ್ತಾರ. ಹಾಸು ಮಾಸಿದಷ್ಟು, ಸವೆದಷ್ಟು ಅದಕ್ಕೆ ಬೆಲೆ. ಕೇರಿಯ ಮುದುಕಿ ಹಳೇ ಸೀರಿ ಕೂಡಿಸಿ ಹೊಲಿದ ಕೌದಿ ಸವೆದರ ಮಾತ್ರ ಅದು ಬಡತನ.

ಆದರ ನನಗ ಕಾಡೂ ಪ್ರಶ್ನೆ ಬೆಲೆಯದಲ್ಲ, ಮೈಲಿಗೆಯದು. ನಮ್ಮ ಕುರುಬರು ಉಣ್ಣೆ ಕತ್ತರಿಸಿ, ನೂತು, ಹಾಸಿಗೆ ಹುಣಸೆ ಬೀಜದ ಸರಿ ಹಚ್ಚಿ, ಕುಣಿಮಗ್ಗದಾಗ ಕಾಲಿಳಿಬಿಟ್ಟು ಕರೇ ಕಂಬಳಿ ನೇಯ್ತಾರ. ಅದು ಮಡಿಗೆ ನಡೀತದ. ಉಣ್ಣೆಗೆ ಮೈಲಿಗೆ ತಟ್ಟೂದಿಲ್ಲಂತ! ಧಾಬಳಿ ಉಟ್ಟು ಪೂಜಿ ಮಾಡಿದರ, ಅಡಿಗಿ ಮಾಡಿದರ ದೋಷವಿಲ್ಲ. ಅದು ಯಾರ್ಯಾರ ಕೈ ದಾಟಿ ಬಂತು ಅಂತ ಯಾರೂ ಕೇಳೂದಿಲ್ಲ. ಹಂಗಾದ್ರ ಮುಟ್ಟಿದರ ಮೈಲಿಗೆ ಅನ್ನೂ ಶಾಸ್ತ್ರ ಎಲ್ಲಿ ಉಳೀತು? ವಸ್ತು ಬೇಕಾದಾಗ ಅದಕ್ಕೊಂದು ಕಿಂಡಿ ಇರ್ತದ. ಮನಷ್ಯಾ ಒಳಗ ಬರ್ತೀನಿ ಅಂದಾಗ ಬರೇ ಗೋಡಿ. ಉಣ್ಣೆಯ ಗುಣವೇ ಅಂಥಾದ್ದು ಅಂತ ಒಬ್ಬ ಪಂಡಿತ ವಾದಿಸಬಹುದು. ಇರಲಿ. ದಲಿತ ಅದೇ ಕಂಬಳಿ ಹೊದ್ದು ಗುಡಿಗೆ ಹೊಂಟರ, ಉಣ್ಣೆಯ ಆ ಗುಣ ಅವನನ್ನೂ ಒಳಗ ಕರಕೊಂಡು ಹೋಗಬೇಕಲ್ಲ? ಹೊಸ್ತಿಲಕ್ಕ ಬಂದಕೂಡ್ಲೇ ಗುಣ ಎಲ್ಲಿ ಸತ್ತಿತು? ಅಂದಮ್ಯಾಲ ಮೈಲಿಗೆ ಉಣ್ಣೆಯಾಗೂ ಇಲ್ಲ, ಮೈಯಾಗೂ ಇಲ್ಲ, ತಡೆಯೂ ಕೈಯಾಗ ಅದ.

ನಮ್ಮ ಸೀಮೆಯ ಎಷ್ಟೋ ಊರಾಗ ಪಂಚರು ಕೂಡಿದಾಗ ಹಿರಿಯರಿಗೆ ಜಮಖಾನ, ಕೇರಿಯವರಿಗೆ ಅದರ ಅಂಚಿನಾಚೆಯ ಮಣ್ಣು. ಅಸ್ಪೃಶ್ಯತೆಯನ್ನು ರದ್ದುಮಾಡಿದ ಸಂವಿಧಾನದ 17ನೇ ವಿಧಿ 1950ರಲ್ಲಿ ಜಾರಿಗೆ ಬಂತು. ಜಮಖಾನಕ್ಕೆ ಅದು ಗೊತ್ತಾಗಲಿಲ್ಲ. ಆಮ್ಯಾಲ ಪ್ಲಾಸ್ಟಿಕ್ ಕುರ್ಚಿ ಬಂದವು. ಈಗ ಜಮಖಾನ ಸುತ್ತಿ ಮೂಲಿಗೆ ಇಟ್ಟಾರ. ಅದರ ಅಂಚು ಮಾತ್ರ ಎದ್ದು ಹೋಗಿ ಕುರ್ಚಿಗಳ ನಡುವ ನಿಂತದ.